ಬರ್ನಿ ಬ್ರಿಲ್‌ಸ್ಟೀನ್ ಯಾರ ಕಡೆಯವರು?

ನಾನು ಬೆಂಗಳೂರಿನಲ್ಲಿ ಟಿವಿ ಕಾಮಿಡಿ ಕಲಾವಿದರ ಡೇಟ್ಸ್ ನೋಡಿಕೊಳ್ಳುತ್ತೇನೆ. ಶೂಟಿಂಗ್ ದಿನ, ಊರ ಹಬ್ಬದ ಕಾರ್ಯಕ್ರಮ, ಚಾನೆಲ್ ಜೊತೆ ಮಾತುಕತೆ, ಪೇಮೆಂಟ್ ವಸೂಲಿ, ಎಲ್ಲಾ ನನ್ನ ತಲೆ ಮೇಲೆ. ಈ ಕೆಲಸವನ್ನು ನಮ್ಮಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡಲ್ಲ. ನಾನು ಜಾಸ್ತಿ ಕಲಿತಿದ್ದು ಅಮೆರಿಕದ ಒಬ್ಬ ಮ್ಯಾನೇಜರ್ ಬಗ್ಗೆ ಓದಿ. ಹೆಸರು ಬರ್ನಿ ಬ್ರಿಲ್‌ಸ್ಟೀನ್. 2008ರಲ್ಲಿ ತೀರಿಕೊಂಡರು. ಅಲ್ಲಿನ ಟಿವಿ ಕಾಮಿಡಿಯ ಕಥೆಯನ್ನು ಇವರ ಹೆಸರು ಬಿಟ್ಟು ಹೇಳೋಕೆ ಆಗಲ್ಲ.

ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, 1931ರಲ್ಲಿ. ಚಿಕ್ಕಪ್ಪ ಜ್ಯಾಕ್ ಪರ್ಲ್ ಆ ಕಾಲದ ದೊಡ್ಡ ರೇಡಿಯೋ ಹಾಸ್ಯಗಾರ. ಜನರನ್ನು ನಗಿಸುವವರು ಮನೆಯಲ್ಲಿ ಹೇಗಿರುತ್ತಾರೆ ಅಂತ ಹುಡುಗನಿಗೆ ಮೊದಲೇ ಗೊತ್ತಿತ್ತು. 1955ರಲ್ಲಿ ಕಲಾವಿದರಿಗೆ ಕೆಲಸ ಹುಡುಕಿಕೊಡುವ ವಿಲಿಯಂ ಮಾರಿಸ್ ಏಜೆನ್ಸಿಯ ಮೇಲ್‌ರೂಮ್ ಸೇರಿದರು. ಟೇಬಲ್‌ನಿಂದ ಟೇಬಲ್‌ಗೆ ಪತ್ರ ಹಂಚುವ ಕೆಲಸ. ಅಲ್ಲಿ ಹೊಸಬರು ಅಲ್ಲಿಂದಲೇ ಶುರು ಮಾಡಬೇಕಿತ್ತು. ಆಮೇಲೆ ಏಜೆಂಟ್ ಆದರು, ಕೊನೆಗೆ ಮ್ಯಾನೇಜರ್. ಲಾಸ್ ಏಂಜಲೀಸ್‌ನಲ್ಲಿ 1969ರಲ್ಲಿ ಸ್ವಂತ ಕಂಪನಿ.

ಏಜೆಂಟ್, ಮ್ಯಾನೇಜರ್ ಇಬ್ಬರೂ ಒಂದೇ ಅಲ್ವಾ ಅಂತ ನನ್ನನ್ನೂ ಕೇಳುತ್ತಾರೆ. ನಮ್ಮ ಕಡೆ ಹೌದು, ಎರಡನ್ನೂ ಒಬ್ಬರೇ ಮಾಡುತ್ತೇವೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಕಲಾವಿದರಿಗೆ ಕೆಲಸ ಹುಡುಕಿಕೊಡೋದಕ್ಕೆ ಲೈಸೆನ್ಸ್ ಬೇಕು, ಅದು ಏಜೆಂಟ್ ಕೆಲಸ, ಕಮಿಷನ್ ಸಾಮಾನ್ಯವಾಗಿ ಶೇಕಡಾ 10. ಮ್ಯಾನೇಜರ್‌ಗೆ ಲೈಸೆನ್ಸ್ ಬೇಡ. ಯಾವ ಶೋ ಒಪ್ಪಬೇಕು, ಯಾವುದು ಬೇಡ, ಮುಂದಿನ ಐದು ವರ್ಷ ಏನು ಅಂತ ಯೋಚಿಸೋದು ಅವರ ಪಾಲು. ಸಾಮಾನ್ಯವಾಗಿ ಶೇಕಡಾ 15 ತೆಗೆದುಕೊಳ್ಳುತ್ತಾರೆ. ಏಜೆಂಟ್‌ಗಳಿಗೆ ನಿರ್ಮಾಪಕರಾಗೋಕೆ ಅಡ್ಡಿಗಳಿದ್ದವು, ಮ್ಯಾನೇಜರ್‌ಗೆ ಇರಲಿಲ್ಲ. ಬ್ರಿಲ್‌ಸ್ಟೀನ್ ಬೆಳೆದಿದ್ದೇ ಈ ಸಂದಿಯಲ್ಲಿ. 1969ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ ಶುರುವಾದ 'ಹೀ ಹಾ' ಅನ್ನುವ ಹಳ್ಳಿ ಹಾಸ್ಯ, ಹಳ್ಳಿ ಹಾಡಿನ ಶೋ ಹಿಂದೆ ಇದ್ದವರಲ್ಲಿ ಇವರೂ ಒಬ್ಬರು. ನ್ಯೂಯಾರ್ಕ್ ಹುಡುಗನಿಗೂ ಹಳ್ಳಿಗೂ ಏನು ಸಂಬಂಧ? ಆದರೂ ಅದು ಓಡಿತು. 1971ರಲ್ಲಿ ಸಿಬಿಎಸ್ ಕೈಬಿಟ್ಟ ಮೇಲೂ ಊರೂರಿನ ಸ್ಟೇಷನ್‌ಗಳಲ್ಲಿ ಇಪ್ಪತ್ತು ವರ್ಷ ನಡೆಯಿತು.

ನನಗೆ ತುಂಬಾ ಇಷ್ಟವಾಗೋದು ಗೊಂಬೆಯಾಟದ ಜಿಮ್ ಹೆನ್ಸನ್ ಜೊತೆಗಿನ ಸಂಬಂಧ. 1960ರ ಹೊತ್ತಿಗೆ ಜೊತೆಯಾದರು. ಹೆನ್ಸನ್ 1990ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಇಬ್ಬರ ನಡುವೆ ಬರವಣಿಗೆಯ ಅಗ್ರಿಮೆಂಟ್ ಇರಲಿಲ್ಲ, ಕೈಕುಲುಕಿದ್ದೇ ಒಪ್ಪಂದ. ಮೂವತ್ತು ವರ್ಷ! ನನ್ನ ಹತ್ತಿರ ಎಷ್ಟೋ ಅಗ್ರಿಮೆಂಟ್‌ಗಳಿವೆ, ಮೂರು ವರ್ಷ ಬಾಳೋದೂ ಕಷ್ಟ.

1975ರ ಅಕ್ಟೋಬರ್‌ನಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ 'ಸಾಟರ್ಡೇ ನೈಟ್ ಲೈವ್' ಅನ್ನುವ ಕಾಮಿಡಿ ಶೋ ಶುರುವಾಯಿತು. ಅದನ್ನು ಕಟ್ಟಿದ ಲಾರ್ನ್ ಮೈಕೆಲ್ಸ್ ಇವರ ಕಲಾವಿದ. ನಟಿಸುವ ಜಾನ್ ಬೆಲೂಶಿ, ಗಿಲ್ಡಾ ರಾಡ್ನರ್ ಕೂಡ ಇವರ ಕಡೆಯವರೇ. ಅದೇ ಶೋನಲ್ಲಿ ಗೊಂಬೆಗಳನ್ನು ತಂದ ಹೆನ್ಸನ್ ಕೂಡ. ಶೋ ನಡೆಸುವವರಿಗೂ ನಟರಿಗೂ ಜಗಳ ಬಂದರೆ ಎರಡೂ ಕಡೆಯ ಫೋನ್ ಇವರಿಗೇ. ಆ ಶೋದ ಬರಹಗಾರರಿಗೆ ಗೊಂಬೆಗಳಿಗೆ ಬರೆಯೋಕೆ ಮನಸ್ಸೇ ಇರಲಿಲ್ಲ. ಒಂದು ಸೀಸನ್ ಆದ ಮೇಲೆ ಹೆನ್ಸನ್ ಹೊರಟರು. ಜಗಳವಾಗಲಿಲ್ಲ, ಬೀದಿಗೂ ಬೀಳಲಿಲ್ಲ. ಅಮೆರಿಕದ ಚಾನೆಲ್‌ಗಳು ಬೇಡ ಅಂದಿದ್ದ ಅವರ ಗೊಂಬೆ ಕಾರ್ಯಕ್ರಮ 'ಮಪೆಟ್ ಶೋ'ಗೆ ಬ್ರಿಟನ್‌ನ ಟಿವಿ ನಿರ್ಮಾಪಕ ಲೂ ಗ್ರೇಡ್ ದುಡ್ಡು ಹಾಕೋಕೆ ಒಪ್ಪಿದ್ದರು. 1976ರಿಂದ 1981ರವರೆಗೆ ಇಂಗ್ಲೆಂಡಿನಲ್ಲಿ 120 ಕಂತು ತಯಾರಾದವು. ಕಲಾವಿದನನ್ನು ಒಂದು ಸೆಟ್‌ನಿಂದ ಮರ್ಯಾದೆಯಾಗಿ ಹೊರಗೆ ಕರೆದುಕೊಂಡು ಬರೋದು ಎಷ್ಟು ಕಷ್ಟ ಅಂತ ಈ ಕೆಲಸದಲ್ಲಿ ಇರುವವರಿಗೇ ಗೊತ್ತು.

ಇನ್ನು ಬೆಲೂಶಿ ವಿಷಯ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಸಂಕಟ.

1982ರ ಮಾರ್ಚ್. ಬೆಲೂಶಿ ಲಾಸ್ ಏಂಜಲೀಸ್‌ನ ಶಾಟೋ ಮಾರ್ಮಾಂಟ್ ಹೋಟೆಲ್‌ನಲ್ಲಿ ಇಳಿದಿದ್ದರು. ಡ್ರಗ್ಸ್ ಕೈಮೀರಿತ್ತು. ಬ್ರಿಲ್‌ಸ್ಟೀನ್ ಆಫೀಸಿಗೆ ಬಂದು ದುಡ್ಡು ಕೇಳಿದರು. ಯಾತಕ್ಕೆ ಅಂತ ಅನುಮಾನ ಬಂದು ಬ್ರಿಲ್‌ಸ್ಟೀನ್ ಕೊಡಲಿಲ್ಲ. ಬೆಲೂಶಿ ಮತ್ತೆ ಬಂದರು. ಆಗ ರೂಮಿನಲ್ಲಿ ಬೇರೆಯವರು ಕೂತಿದ್ದರು. ಅವರ ಎದುರಿಗೆ ಗದರಿಸೋಕೆ ಮನಸ್ಸು ಬರಲಿಲ್ಲ, ಕೊಟ್ಟುಬಿಟ್ಟರು. ಮಾರ್ಚ್ 5ರಂದು ಬೆಲೂಶಿ ಹೋಟೆಲ್‌ನಲ್ಲಿ ಸತ್ತು ಬಿದ್ದಿದ್ದರು. ವಯಸ್ಸು 33.

ಆ ದುಡ್ಡೇ ಕೊಂದಿತು ಅಂತ ನಾನು ಹೇಳಲ್ಲ. ಅಂಥ ಸ್ಥಿತಿಯಲ್ಲಿರುವವರು ಹೇಗಾದರೂ ಹೊಂದಿಸಿಕೊಳ್ಳುತ್ತಾರೆ. ನನ್ನನ್ನು ಕಾಡೋದು ಆ ಎರಡನೇ ಸಲ. ಒಬ್ಬರೇ ಇದ್ದಾಗ ಆಗಲ್ಲ ಅಂದವರಿಗೆ ಇನ್ನೊಬ್ಬರ ಎದುರಿಗೆ ಅನ್ನೋಕೆ ಆಗಲಿಲ್ಲ. ಕಲಾವಿದನ ಮರ್ಯಾದೆ ಕಾಪಾಡೋದು ನಮ್ಮ ಕೆಲಸದ ಮೊದಲ ಪಾಠ. ಅದೇ ಪಾಠ ಅಲ್ಲಿ ಅಡ್ಡ ಬಂತು. ನಮ್ಮ ಹುಡುಗರೂ ಕೇಳುತ್ತಾರೆ, "ಮೇಡಂ, ನನ್ನ ದುಡ್ಡು ತಾನೇ, ಕೊಡಿ." ಅವರ ದುಡ್ಡೇ, ನಿಜ. ಆದರೂ ಸಂಜೆ ಹೊತ್ತು ಕ್ಯಾಶ್ ಕೇಳಿದರೆ ನಾನು ಕೊಡಲ್ಲ. ಬೆಳಿಗ್ಗೆ ಮನೆಯವರ ಅಕೌಂಟಿಗೆ ಹಾಕುತ್ತೇನೆ. ಎದುರಿಗೆ ಚಾನೆಲ್‌ನವರೇ ಕೂತಿರಲಿ, ಉತ್ತರ ಅದೇ.

ಆಮೇಲೂ ಬ್ರಿಲ್‌ಸ್ಟೀನ್ ಬೆಳೆದರು. ಇವರು ನಿರ್ಮಾಪಕರಲ್ಲಿ ಒಬ್ಬರಾಗಿದ್ದ 'ಆಲ್ಫ್' ಅನ್ನುವ ಕಾಮಿಡಿ ಶೋ ನಾಲ್ಕು ಸೀಸನ್ ಓಡಿತು. ಬ್ರ್ಯಾಡ್ ಗ್ರೇ ಅನ್ನುವ ಚುರುಕು ಯುವಕ ಪಾಲುದಾರನಾದ. ಗ್ರೇ ನೋಡಿಕೊಳ್ಳುತ್ತಿದ್ದ ಗ್ಯಾರಿ ಶಾಂಡ್ಲಿಂಗ್ ಅವರ 'ಲ್ಯಾರಿ ಸ್ಯಾಂಡರ್ಸ್ ಶೋ' 1992ರಲ್ಲಿ ಎಚ್‌ಬಿಒದಲ್ಲಿ ಬಂತು. ಗ್ರೇ ಅದರ ನಿರ್ಮಾಪಕರಲ್ಲೂ ಒಬ್ಬರು. 1998ರಲ್ಲಿ ಶಾಂಡ್ಲಿಂಗ್ 10 ಕೋಟಿ ಡಾಲರ್ ಕೇಳಿ ಗ್ರೇ ಮೇಲೆ ಕೇಸ್ ಹಾಕಿದರು. ನನ್ನ ಮ್ಯಾನೇಜರ್ ಆಗಿದ್ದುಕೊಂಡು ತನ್ನ ಲಾಭ ನೋಡಿಕೊಂಡ ಅನ್ನೋದು ದೂರು. ಗ್ರೇ ಒಪ್ಪಲಿಲ್ಲ. ಮರುವರ್ಷ ಕೋರ್ಟಿನ ಹೊರಗೆ ರಾಜಿಯಾಯಿತು. ಯಾರು ಸರಿ ಅಂತ ತೀರ್ಪು ಬರಲೇ ಇಲ್ಲ. ಆದರೆ ಒಬ್ಬರೇ ಮ್ಯಾನೇಜರೂ ನಿರ್ಮಾಪಕರೂ ಆದರೆ ಯಾರ ಕಡೆ ಅನ್ನೋ ಪ್ರಶ್ನೆ ಬ್ರಿಲ್‌ಸ್ಟೀನ್ ತೆರೆದ ದಾರಿಯಲ್ಲೇ ಇತ್ತು ಅನ್ನೋದು ನನ್ನ ಅಭಿಪ್ರಾಯ. ಅವರು ಗೆದ್ದಿದ್ದು ಕಲಾವಿದ ಹೆನ್ಸನ್ ತರಹದವನಾಗಿದ್ದಾಗ, ನಂಬಿಕೆ ಎರಡೂ ಕಡೆ ಇದ್ದಾಗ. ಎಲ್ಲರ ಜೊತೆ ಅದು ಸಿಗಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ಒಂದು ಹೊಸ ಕಾಮಿಡಿ ಶೋಗೆ ಸಹ ನಿರ್ಮಾಪಕಿ ಆಗಿ ಅಂತ ನನ್ನನ್ನು ಕರೆದಿದ್ದಾರೆ. ನಾನು ನೋಡಿಕೊಳ್ಳುವ ಇಬ್ಬರು ಕಲಾವಿದರೂ ಅದರಲ್ಲಿ ಇರುತ್ತಾರೆ. ಆಸೆ ಇದೆ, ಸುಳ್ಳು ಹೇಳಲ್ಲ. ಇಬ್ಬರಿಗೂ ಹೇಳಿದ್ದೇನೆ, ಈ ಅಗ್ರಿಮೆಂಟ್ ನಾನು ಓದಿ ಹೇಳೋದು ಬೇಡ, ನಿಮ್ಮದೇ ಲಾಯರ್‌ಗೆ ತೋರಿಸಿ, ಈ ಶೋದ ಸಂಬಳದಲ್ಲಿ ನನಗೆ ಕಮಿಷನ್ ಬೇಡ ಅಂತ. ಒಬ್ಬ ಒಪ್ಪಿ ಲಾಯರ್ ಹತ್ತಿರ ಹೋಗಿದ್ದಾನೆ. ಇನ್ನೊಬ್ಬಳು "ಅಕ್ಕಾ, ನೀವಿದ್ದೀರಲ್ಲ, ಸುಮ್ನೆ ಸೈನ್ ಮಾಡ್ತೀನಿ" ಅಂತಿದ್ದಾಳೆ. ಅವಳು ಲಾಯರ್‌ನ ನೋಡುವವರೆಗೆ ನಾನು ಸೈನ್ ಮಾಡಲ್ಲ.