ಎಂಟು ದಿನದ ಉದ್ರಿ

ಇಟಲಿಯ ನೇಪಲ್ಸ್‌ಗೆ ಕಾಲಿಟ್ಟು ಎರಡು ಗಂಟೆ ಆಗಿರಲಿಲ್ಲ, ಐಯಂಗಾರ್ ಬೇಕರಿಯವರ ಮಗ ನಾನು ಹಂದಿಯ ಕೊಬ್ಬು ಬಾಯಿಗೆ ಹಾಕಿಕೊಂಡಿದ್ದೆ. ತಪ್ಪು ನನ್ನದೇ. ಸ್ಟೇಷನ್‌ಗೆ ಬಂದ ಅಕ್ಕನ ಮಗ ಮೊದಲೇ ಹೇಳಿದ್ದ, "ಮಾವ, ನನ್ನ ಕೇಳದೆ ಏನೂ ತಿನ್ನಬೇಡಿ" ಅಂತ. ಅವನು ಫೋನಿನಲ್ಲಿ ಮಾತಾಡುತ್ತಾ ಆ ಕಡೆ ತಿರುಗಿದ್ದ. ಈ ಕಡೆ ಒಂದು ಬೀದಿ ಅಂಗಡಿಯಲ್ಲಿ ಕರಿದ ಪಿಜ್ಜಾ ಉಬ್ಬಿ, ನಮ್ಮ ದೊಡ್ಡ ಕರ್ಜಿಕಾಯಿಯ ಹಾಗೆ ಅರ್ಧಚಂದ್ರಾಕಾರವಾಗಿ ಬಾಣಲೆಯಿಂದ ಮೇಲೆ ಬರುತ್ತಿತ್ತು. ಕೊಂಡೆ, ಕಚ್ಚಿದೆ. ಒಳಗೆ ರಿಕೋಟಾ ಚೀಸು, ಅದರ ಜೊತೆ ಗರಿಗರಿಯಾದ ಏನೋ ಚೂರು. ಕೊಬ್ಬರಿ ಇರಬೇಕು ಅಂದುಕೊಂಡು ಎರಡು ಸಲ ಅಗಿದೆ. ಅಷ್ಟರಲ್ಲಿ ಹುಡುಗ ಓಡಿ ಬಂದ. ಅದು ಚೀಕೊಲಿ, ಹಂದಿಯ ಕೊಬ್ಬು ಕರಗಿಸಿದಾಗ ಉಳಿಯುವ ಗಸಿ.

ನನ್ನವಳು ಟಿಶ್ಯೂ ಕೊಟ್ಟು, "ಪಂಚಗವ್ಯ ಇಲ್ಲಿ ಎಲ್ಲಿ ಹುಡುಕೋದು" ಅಂದಳು. ಆಮೇಲೆ ಮೂರು ದಿನ ಮುಗಿಯುವ ತನಕ ಅದೇ ಮಾತು ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇತ್ತು.

ಹುಡುಗ ಅಲ್ಲಿನ ಫೆಡೆರಿಕೊ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. 1224ರಲ್ಲಿ ಚಕ್ರವರ್ತಿಯೊಬ್ಬ ಕಟ್ಟಿಸಿದ್ದಂತೆ ಅದು. ರೋಮ್ ನೋಡಲು ಹೋದ ನಾವು, ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ ಅಷ್ಟೇ ಅಂತ ಅವನನ್ನು ನೋಡಿಕೊಂಡು ಬರಲು ಹೊರಟೆವು. ರೋಮ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ನೇಪಲ್ಸ್ ನನಗೆ ನಮ್ಮ ಚಿಕ್ಕಪೇಟೆಯ ಹಾಗೆ ಕಂಡಿತು. ಬಾಲ್ಕನಿಯಿಂದ ಬಾಲ್ಕನಿಗೆ ಬಟ್ಟೆ, ಕೆಳಗೆ ಮೂವರನ್ನು ಹೊತ್ತ ಸ್ಕೂಟರು, ಗೋಡೆಗೊಂದು ಮರಡೋನಾ.

ಈ ಊರಿನಲ್ಲಿ ಪಿಜ್ಜಾ ಅಂಗಡಿ ಅಂದರೆ ವಂಶಾವಳಿ. ತ್ರಿಬುನಾಲಿ ಬೀದಿಯಲ್ಲಿ ನಡೆಯುವಾಗ ಸೊರ್ಬಿಲ್ಲೊ ಎಂಬ ಹೆಸರು ಬೋರ್ಡಿನ ಮೇಲೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 1935ರಲ್ಲಿ ಅಂಗಡಿ ಹಾಕಿದ ಗಂಡ ಹೆಂಡತಿಗೆ 21 ಮಕ್ಕಳು, ಇಪ್ಪತ್ತೊಂದೂ ಜನ ಪಿಜ್ಜಾ ಕಸುಬಿಗೇ ಇಳಿದರಂತೆ. ಇಂದಿನ ಜೀನೊ ಸೊರ್ಬಿಲ್ಲೊ ಅವರ ಮೊಮ್ಮಗ. ಫೊರ್ಚೆಲ್ಲಾ ಕಡೆ ಇರುವ ದಾ ಮಿಕೇಲೆ ಎಂಬ ಅಂಗಡಿ ಕೊಂದುರ್ರೊ ಮನೆತನದ್ದು. ಕಸುಬು 1870ರಿಂದ, ಈಗಿರುವ ಕಟ್ಟಡದಲ್ಲಿ 1930ರಿಂದ. ಬಹಳ ಕಾಲ ಅಲ್ಲಿ ಎರಡೇ ಬಗೆ, ಮಾರ್ಗರೀಟಾ ಮತ್ತು ಮರಿನಾರಾ. ನಾವೂ ಹೋಗಿ ಬಾಗಿಲಲ್ಲಿ ಚೀಟಿ ತೆಗೆದುಕೊಂಡೆವು. ನಮ್ಮ ನಂಬರ್ 87, ಒಳಗೆ ಕೂಗುತ್ತಿದ್ದದ್ದು 31. ರಸ್ತೆ ತುಂಬಾ ನಮ್ಮಂಥವರೇ, ಮೊಬೈಲ್ ಎತ್ತಿ ಹಿಡಿದವರು. ನನ್ನವಳಿಗೆ ಮಂಡಿನೋವು. "ಬನ್ನಿ ಅತ್ತೆ, ನಾನು ದಿನಾ ತಿನ್ನೋ ಕಡೆ ಹೋಗೋಣ" ಅಂದ ಹುಡುಗ.

ಅವನ ರೂಮು ಇರುವುದು ಸನಿತಾ ಎಂಬ ಬಡಾವಣೆಯಲ್ಲಿ. ತಗ್ಗಿನ ಜಾಗ. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಫ್ರೆಂಚರು ಗುಡ್ಡದ ಮೇಲಿನ ಅರಮನೆಗೆ ನೇರ ದಾರಿ ಬೇಕೆಂದು ಇಡೀ ಕೇರಿಯ ತಲೆಯ ಮೇಲೆ ಸೇತುವೆ ಕಟ್ಟಿಬಿಟ್ಟರು. ಅಲ್ಲಿಂದಾಚೆ ಊರು ಮೇಲೆ, ಕೇರಿ ಕೆಳಗೆ. ಈಗ ಸೇತುವೆಯ ಮೇಲಿಂದ ಲಿಫ್ಟ್‌ನಲ್ಲಿ ಇಳಿಯಬಹುದು. ಬಸ್ಸು ಓಡುವ ರಸ್ತೆಯಲ್ಲಿ ಲಿಫ್ಟ್ ಹತ್ತಿ, ಬಾಗಿಲು ತೆಗೆದರೆ ತರಕಾರಿ ಸಂತೆ. ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲೂ ನಂಬರ್ ಚೀಟಿ ಬಂದೀತು ಅನ್ನುವುದು ಹುಡುಗನ ಹೆದರಿಕೆ. ಆರು ಮೇಜು, ಹಿಂದುಗಡೆ ಸೌದೆ ಒಲೆ, ಅದರ ಮುಂದೆ ಒಂದು ಅಮೃತಶಿಲೆಯ ಕಟ್ಟೆ. ಗೋಡೆಯಲ್ಲಿ ಸಂತ ಅಂತೋನಿಯ ಪಟ, ಪಕ್ಕದಲ್ಲಿ ಕುಂಕುಮ ಇಲ್ಲದ್ದೊಂದೇ ಕೊರತೆ ಅನ್ನುವಂತೆ ಮಿಣಮಿಣ ದೀಪ. ಬೆಂಕಿಯ ಕೆಲಸದವರಿಗೆಲ್ಲ ಈತನೇ ಕುಲದೇವರು, ಜನವರಿ 17ಕ್ಕೆ ಹಬ್ಬ. ಕಟ್ಟೆಯ ಹಿಂದೆ ಮೂವತ್ತರ ಆಸುಪಾಸಿನ ಮಗ. ಒಲೆಯ ಬಾಯಲ್ಲಿ ಎಪ್ಪತ್ತು ದಾಟಿದ ಅಪ್ಪ. ಗಲ್ಲಾ ಮೇಲೆ ಸೊಸೆ.

ನಾವು ಹೋದಾಗ ಸಂಜೆ ಏಳೂ ಆಗಿರಲಿಲ್ಲ, ಒಲೆ ಇನ್ನೂ ಹದಕ್ಕೆ ಬರುತ್ತಿತ್ತು. ಮುದುಕ ಚಿಟಿಕೆ ಹಿಟ್ಟು ತೆಗೆದು ಒಲೆಯ ನೆಲಕ್ಕೆ ಎರಚಿ, ಬಗ್ಗಿ ನೋಡಿದ. ಹಿಟ್ಟು ಕಂದಾಗಿ ಕಪ್ಪಾಗಲು ಎಷ್ಟು ಹೊತ್ತು ಹಿಡಿಯಿತು ಅಂತ ಮನಸ್ಸಲ್ಲೇ ಎಣಿಸಿದ. ತಲೆ ಅಡ್ಡ ಆಡಿಸಿ ಇನ್ನೊಂದು ಸೌದೆ ತಳ್ಳಿದ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅರಸೀಕೆರೆಯಲ್ಲಿ ನಮ್ಮಪ್ಪ ಬೆಳಗಿನ ಜಾವ ಮೂರೂವರೆಗೆ ಭಟ್ಟಿಯ ಮುಂದೆ ನಿಂತು ಮಾಡುತ್ತಿದ್ದದ್ದು ಇದನ್ನೇ. ಚಿಟಿಕೆ ಮೈದಾ ಎರಚುವುದು, ಬಗ್ಗುವುದು, ತುಟಿ ಅಲ್ಲಾಡಿಸುತ್ತಾ ಎಣಿಸುವುದು. ಬಾಯಿ ತುಂಬ ಎಲೆ ಅಡಿಕೆ ಇದ್ದರೂ ಎಣಿಕೆ ತಪ್ಪುತ್ತಿರಲಿಲ್ಲ. ಹದ ಬಂದ ಮೇಲೆ ಮೊದಲು ಬ್ರೆಡ್ಡು, ಆಮೇಲೆ ಬನ್ನು, ಕಾವು ಇಳಿದ ಮೇಲೆ ಬೆಣ್ಣೆ ಬಿಸ್ಕೆಟ್ಟು, ಕಟ್ಟಕಡೆಗೆ ರಸ್ಕು. ಎಷ್ಟಕ್ಕೆ ಎಣಿಸುತ್ತಿದ್ದರು ಅಂತ ನಾನು ಒಂದು ದಿನವೂ ಕೇಳಲಿಲ್ಲ. ನನಗೆ ಬ್ಯಾಂಕ್ ಕೆಲಸ ಸಿಕ್ಕಿತು, ಅವರು ಪೇಡಾ ಹಂಚಿದರು. ಅವರ ಕಾಲಾನಂತರ ಅಂಗಡಿಯನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟೆವು. ಭಟ್ಟಿ ಒಡೆಯಲು ನಾಲ್ಕು ದಿನ ಬೇಕಾಯಿತು.

ಹುಡುಗನ ಕೈಲಿ ಕೇಳಿಸಿದೆ, ಎಷ್ಟಕ್ಕೆ ಎಣಿಸುತ್ತೀರಿ ಅಂತ. ಮುದುಕ ಮಗನ ಕಡೆ ಗಲ್ಲ ತೋರಿಸಿದ. "ಅವನನ್ನ ಕೇಳಿ, ಅವನಿಗೂ ಬೇರೆ ಲೆಕ್ಕ ಬರುತ್ತೆ." ಮಗ ನಕ್ಕ. ಅಪ್ಪ ಬೇಗ ಎಣಿಸುತ್ತಾರೆ, ನಾನು ನಿಧಾನ, ಅಂದ.

ನಮ್ಮನ್ನು ಕಟ್ಟೆಯ ಪಕ್ಕ ನಿಲ್ಲಲು ಬಿಟ್ಟರು. ಮಗ ಮರದ ಪೆಟ್ಟಿಗೆಯಿಂದ ಹಿಟ್ಟಿನ ಉಂಡೆಯೊಂದನ್ನು ಬಿಡಿಸಿ ತೆಗೆದ. ಹಿಟ್ಟು, ನೀರು, ಉಪ್ಪು, ಈಸ್ಟು, ಅಷ್ಟೇ, ಎಣ್ಣೆಯನ್ನೂ ಹಾಕುವುದಿಲ್ಲ. ಒಂದು ಲೀಟರ್ ನೀರಿಗೆ ಹತ್ತಿರ ಹತ್ತಿರ 1,800 ಗ್ರಾಂ ಹಿಟ್ಟು, ಈಸ್ಟು ಮಾತ್ರ 3 ಗ್ರಾಂ. ನಮ್ಮ ಬೇಕರಿಯಲ್ಲಿ ಅಷ್ಟು ಕಡಿಮೆ ಈಸ್ಟ್ ಹಾಕಿದ್ದರೆ ಊರಿಗೆ ಬನ್ನು ಸಿಗುತ್ತಿದ್ದದ್ದು ಮಾರನೆಯ ದಿನ. ಇವರಿಗೆ ಆತುರವಿಲ್ಲ. ಕಲಸಿದ ಮೇಲೆ ಎರಡು ಗಂಟೆ, ಉಂಡೆ ಕಟ್ಟಿದ ಮೇಲೆ ಮತ್ತೆ ನಾಲ್ಕರಿಂದ ಆರು ಗಂಟೆ ಹಿಟ್ಟು ಸುಮ್ಮನೆ ಮಲಗಿರಬೇಕು. ಉಂಡೆ ಎಷ್ಟು ಮೆತ್ತಗಿತ್ತು ಅಂದರೆ ಎತ್ತಿದಾಗ ಬೆರಳ ಸಂದಿಯಲ್ಲಿ ಜೋತುಬಿತ್ತು. ಬೆರಳ ತುದಿಯಿಂದ ನಡುವೆ ಒತ್ತಿ ಗಾಳಿಯನ್ನು ಅಂಚಿಗೆ ಅಟ್ಟಿದ. ಆಮೇಲೆ ಒಂದು ಕೈಯಲ್ಲಿ ಅದುಮಿ ಹಿಡಿದು ಇನ್ನೊಂದು ಕೈಯಿಂದ ಎಳೆದು, ಮಗುಚಿ, ಕಟ್ಟೆಗೆ ಪಟ್ ಅಂತ ಬಡಿದ. ಕಪಾಳಕ್ಕೆ ಹೊಡೆದ ಸದ್ದು. ಅವರ ಮಾತಿನಲ್ಲೂ ಈ ಕ್ರಮಕ್ಕೆ ಹೆಸರು ಕಪಾಳಮೋಕ್ಷ ಅಂತಲೇ. ನಾಲ್ಕು ಏಟಿಗೆ ತಟ್ಟೆಯಗಲ ಆಯಿತು. ಲಟ್ಟಣಿಗೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅಂಚಿನ ಗಾಳಿ ಸತ್ತು, ಪಿಜ್ಜಾ ಚಪಾತಿಯಾಗುತ್ತದೆ.

ಸೌಟಿನ ಬೆನ್ನಿಂದ ಟೊಮೇಟೊ ಸುರುಳಿ, ಮೇಲೆ ಚೀಸು, ಎರಡು ತುಳಸಿ ಎಲೆ. ನಮ್ಮ ತುಳಸಿ ಅಲ್ಲ, ಅದರ ದಾಯಾದಿ. ಬುಡ್ಡಿಯಿಂದ ಎಣ್ಣೆ. ಮುದುಕ ಹಲಗೆ ಚಾಚಿದ. ಹಸಿ ಪಿಜ್ಜಾವನ್ನು ಅದಕ್ಕೆ ಎಳೆದುಕೊಳ್ಳುವಾಗ ಮಗ ಎರಡೂ ಕೈಯಿಂದ ಇನ್ನೊಂದಿಷ್ಟು ಹಿಗ್ಗಿಸಿದ. ಅಲ್ಲಿಗೆ ಅವನ ಪಾಲು ಮುಗಿಯಿತು. ಇನ್ನು ಅಪ್ಪನದು. ಒಳಗೆ ನೆಲ, ಗುಮ್ಮಟ ಎಲ್ಲ 430ರಿಂದ 485 ಡಿಗ್ರಿ ಸುಡುತ್ತಿರುತ್ತದೆ. ನಮ್ಮ ಭಟ್ಟಿ ಇದರ ಅರ್ಧಕ್ಕೂ ಬರುತ್ತಿರಲಿಲ್ಲ. ಇವನು ಹಿಡಿ ಮರದ ಸಿಪ್ಪೆ ಎಸೆದ, ಜ್ವಾಲೆ ಎದ್ದು ಗುಮ್ಮಟ ನೆಕ್ಕಿತು. ಸಣ್ಣ ಕಬ್ಬಿಣದ ಹಲಗೆಯಿಂದ ಪಿಜ್ಜಾವನ್ನು ಇದ್ದ ಜಾಗದಲ್ಲೇ ತಿರುಗಿಸಿದ. ಬೇರೆ ಜಾಗಕ್ಕೆ ಸರಿಸಿದರೆ ಅಲ್ಲಿನ ಹೆಚ್ಚಿನ ಕಾವಿಗೆ ತಳ ಸೀಯುತ್ತದೆ. ಕೊನೆಗೆ ಎತ್ತಿ ಗುಮ್ಮಟದ ಹತ್ತಿರ ಒಂದು ಕ್ಷಣ ಆರತಿಯಂತೆ ಹಿಡಿದು, ಹೊರಗೆ. ನಾನು ಗಡಿಯಾರ ನೋಡಿಕೊಂಡಿದ್ದೆ, ಎಪ್ಪತ್ತು ಸೆಕೆಂಡು.

ಮೂರನೆಯ ಪಿಜ್ಜಾ ಹಲಗೆಗೆ ಎಳೆಯುವಾಗ ನಡುವೆ ಹರಿಯಿತು. ಮಗ ಏನೂ ಆಗದವನಂತೆ ಬೆರಳಲ್ಲಿ ಚಿವುಟಿ ಮುಚ್ಚಿದ. ಮುದುಕ ಮಾತಾಡಲಿಲ್ಲ, ಬೈಯಲೂ ಇಲ್ಲ. ಬೇಯಿಸಿ ತೆಗೆದು ನಾಲ್ಕು ಮಡಿಕೆ ಮಡಿಚಿ ಒಲೆಯ ಪಕ್ಕದ ತಟ್ಟೆಯಲ್ಲಿಟ್ಟ. ಗಿರಾಕಿಗೆ ಇನ್ನೊಂದು ಹೊಸದು ಹೋಯಿತು. ಆ ಹರಿದದ್ದನ್ನು ಆಮೇಲೆ ಅಪ್ಪ ಮಗ ಇಬ್ಬರೂ ನಿಂತಲ್ಲೇ ಹಂಚಿಕೊಂಡು ತಿಂದರು.

ಈ ಕ್ರಮ ಗುಟ್ಟೇನಲ್ಲ. ಐರೋಪ್ಯ ಒಕ್ಕೂಟ 2010ರಲ್ಲಿ ಇದನ್ನೆಲ್ಲ ಗೆಜೆಟ್ಟಿನಲ್ಲೇ ಅಚ್ಚು ಹಾಕಿಸಿದೆ. ವ್ಯಾಸ 35 ಸೆಂಟಿಮೀಟರ್ ಮೀರಬಾರದು, ಅಂಚು ಒಂದರಿಂದ ಎರಡು ಸೆಂಟಿಮೀಟರ್ ಇರಬೇಕು, ಎಲ್ಲವೂ ಇದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸರ್ಕ್ಯುಲರ್ ಓದಿದವನು ನಾನು, ಸರ್ಕ್ಯುಲರ್ ಓದಿ ಯಾರೂ ಕೆಲಸ ಕಲಿಯುವುದಿಲ್ಲ ಅನ್ನುವುದು ನನಗೆ ಗೊತ್ತು. ಯುನೆಸ್ಕೋದವರಿಗೂ ಗೊತ್ತಿದ್ದ ಹಾಗಿದೆ. 2017ರಲ್ಲಿ ಅವರು ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪಿಜ್ಜಾವನ್ನಲ್ಲ, ಪಿಜ್ಜಾ ಮಾಡುವವರ ಕಲೆಯನ್ನು. ಆ ಕಲೆ ಬಲ್ಲವರು ಊರಿನಲ್ಲಿ ಸುಮಾರು 3,000 ಜನ ಅಂತ ಅದರಲ್ಲಿದೆ. ಇನ್ನು 1889ರಲ್ಲಿ ರಾಣಿ ಮಾರ್ಗರೀಟಾಳಿಗೆ ಅರಮನೆಯಲ್ಲಿ ಬಡಿಸಿದ್ದಕ್ಕೆ ಆ ಹೆಸರು ಬಂತು ಅನ್ನುವ ಕಥೆಯನ್ನು ಪ್ರತಿ ಗೈಡೂ ಹೇಳುತ್ತಾನೆ. ಇತಿಹಾಸಕಾರರಿಗೆ ಅದರ ಮೇಲೆ ಅನುಮಾನವಿದೆ, ನನಗೂ ಇದೆ. ರಾಜರ ಹೆಸರು ಸೇರಿಸಿದರೆ ತಿಂಡಿಗೆ ಬೆಲೆ ಬರುತ್ತದೆ ಅನ್ನುವುದು ಎಲ್ಲ ಊರಿನ ಹೋಟೆಲಿನವರಿಗೂ ಗೊತ್ತು.

ನನ್ನವಳಿಗೆ ಮರಿನಾರಾ ತರಿಸಿದೆವು. ಅಂದರೆ ನಾವಿಕರದ್ದು. ಹೆಸರು ಕೇಳಿ ಮೀನು ಇದೆ ಅಂತ ಹಿಂಜರಿದಳು. ಇಲ್ಲ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ, ಚೀಸು ಕೂಡ ಇಲ್ಲ. ಕಟ್ಟಾ ಸಸ್ಯಾಹಾರಿಗಳಿಗೆ ಇದೇ ಕ್ಷೇಮ, ಏಕೆಂದರೆ ಇಲ್ಲಿನ ಹಲವು ಚೀಸುಗಳಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನ್ನೆಟ್‌ನಿಂದ. ಇದನ್ನು ಹುಡುಗ ನನಗೆ ಹೇಳಿದ್ದು ನನ್ನ ಮಾರ್ಗರೀಟಾ ಅರ್ಧ ಮುಗಿದ ಮೇಲೆ. ಮೊದಲ ದಿನವೇ ಮುಳುಗಿದವನಿಗೆ ಚಳಿಯೇನು, ಮಳೆಯೇನು. ನಡುಭಾಗ ತೆಳ್ಳಗೆ, ಒದ್ದೆಯಾಗಿ, ಎತ್ತಿದರೆ ಜೋಲುತ್ತದೆ. ಬೆಂಗಳೂರಿನ ಡಬ್ಬದ ಪಿಜ್ಜಾ ತಿಂದವರಿಗೆ ಹಸಿ ಅನ್ನಿಸುತ್ತದೆ. "ಇನ್ನೊಂದು ನಿಮಿಷ ಬಿಡಬೇಕಿತ್ತು" ಅಂದಳು ನನ್ನವಳು. ಅಂಚಿಗೆ ಬಂದಾಗ ಸುಮ್ಮನಾದಳು. ಚಿರತೆಯ ಮೈಯಂತೆ ಕಪ್ಪು ಚುಕ್ಕೆ, ಒಳಗೆಲ್ಲ ಗಾಳಿ, ಸೌದೆಯ ವಾಸನೆ. "ನಿಮ್ಮ ಅಪ್ಪಾಜಿ ಬ್ರೆಡ್ಡಿನ ಮೇಲ್ಪದರ ಹೀಗೇ ಇರ್ತಿತ್ತು ಅಲ್ವಾ" ಅಂದಳು. ಹೌದು.

ಗಿರಾಕಿ ಕಡಿಮೆಯಾದಾಗ ಮುದುಕ ಬಂದು ಕೂತ. ಅವನ ತಾಯಿ ಯುದ್ಧ ಮುಗಿದ ಕಾಲದಲ್ಲಿ ಇದೇ ಓಣಿಯ ಬಸ್ಸೊದಲ್ಲಿ ಪಿಜ್ಜಾ ಕರಿಯುತ್ತಿದ್ದಳಂತೆ. ಬಸ್ಸೊ ಅಂದರೆ ನೆಲಮಟ್ಟದ ಒಂಟಿ ಕೋಣೆ, ಬಾಗಿಲು ತೆಗೆದರೆ ಓಣಿಯೇ. ಸೌದೆ ಒಲೆ ಕಟ್ಟಿಸಲು ಯಾರ ಹತ್ತಿರ ದುಡ್ಡಿತ್ತು, ಬಾಣಲೆಯಾದರೆ ಎಲ್ಲರ ಮನೆಯಲ್ಲೂ ಇತ್ತು. ತಿನ್ನುವವರ ಹತ್ತಿರವೂ ದುಡ್ಡಿರಲಿಲ್ಲ. ಅದಕ್ಕೇ ಆ ಪಿಜ್ಜಾಗೆ "ಆ ಒಜ್ಜೆ ಆ ಒತ್ತೊ" ಅಂತ ಹೆಸರು. ಇವತ್ತು ತಿನ್ನು, ಎಂಟು ದಿನಕ್ಕೆ ಕೊಡು. ಒಲೆಯನ್ನು ಆಮೇಲೆ ಅವನಪ್ಪ ಕಟ್ಟಿಸಿದ. ಮಗ ನಡುವೆ ಕೆಲವು ವರ್ಷ ಜರ್ಮನಿಯಲ್ಲಿ ಗೋದಾಮಿನ ಕೆಲಸ ಮಾಡಿ ವಾಪಸ್ ಬಂದವನು. ಯಾಕೆ ಬಂದೆ ಅಂತ ಕೇಳಿಸಿದೆ. "ಅಲ್ಲಿ ಚಳಿ" ಅಂದ. ಅಪ್ಪನ ಮುಖ ನೋಡಿದೆ, ಅವನು ಮೇಜಿನ ಮೇಲಿನ ಹಿಟ್ಟು ಒರೆಸುತ್ತಿದ್ದ.

ಏಳುವಾಗ ಪೇಚಾಟಕ್ಕೆ ಬಂತು. ಕಾರ್ಡ್ ಉಜ್ಜುವ ಮಷಿನ್ ಕೆಟ್ಟಿತ್ತು, ಹುಡುಗನ ಜೇಬಿನಲ್ಲಿದ್ದದ್ದು ನಾಲ್ಕು ಯೂರೋ, ನಮ್ಮ ನೋಟೆಲ್ಲ ರೂಮಿನಲ್ಲಿ. ನಾನು ಎಟಿಎಂ ಹುಡುಕಲು ಹೊರಟೆ. ಮುದುಕ ಒಲೆಯ ಹತ್ತಿರದಿಂದಲೇ ಕೈ ಬೀಸಿ ಏನೋ ಕೂಗಿದ, ಅಂಗಡಿಯೆಲ್ಲ ನಕ್ಕಿತು. ಅನುವಾದ ಬೇಕಾಗಲಿಲ್ಲ. ಒತ್ತೊ ಅನ್ನುವುದು ಅಷ್ಟು ಹೊತ್ತಿಗೆ ನನಗೂ ಬಾಯಿಪಾಠ ಆಗಿತ್ತು. ಸೊಸೆ ಗಲ್ಲಾದ ಒಳಗಿಂದ ಒಂದು ಚೀಟಿ ತೆಗೆದು 16.50 ಅಂತ ಬರೆದು ಒಳಗಿನ ಮೊಳೆಗೆ ಚುಚ್ಚಿದಳು. ಅರಸೀಕೆರೆಯ ಅಂಗಡಿಯಲ್ಲಿ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡು ನೇತುಹಾಕಿ, ಅದರ ಕೆಳಗೇ ಕೂತು ಇಡೀ ಬೀದಿಗೆ ಉದ್ರಿ ಕೊಡುತ್ತಿದ್ದರು ನಮ್ಮಪ್ಪ. ಸಾಲದ ವಿಭಾಗದಲ್ಲೇ ರಿಟೈರ್ ಆದ ನಾನು ಜಾಮೀನಿಲ್ಲದೆ ಹೀಗೆ ಸಾಲಗಾರನಾದದ್ದು ಇದೇ ಮೊದಲು.

ಮಾರನೆಯ ದಿನವೇ ನಮ್ಮ ರೈಲು. ದುಡ್ಡನ್ನು ಹುಡುಗನ ಕೈಲಿ ಕೊಟ್ಟು, ಬೆಳಿಗ್ಗೆಯೇ ಕೊಟ್ಟುಬಿಡೋ ಅಂದೆ. "ಬೆಳಿಗ್ಗೆ ಕೊಟ್ರೆ ಬೇಜಾರು ಮಾಡ್ಕೋತಾರೆ ಮಾವ" ಅಂದ.

ಬೆಂಗಳೂರಿಗೆ ಬಂದ ಮೇಲೆ ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಫೋಟೊ ಬಂತು. ಖಾಲಿ ಮೊಳೆ, ಅದರ ಪಕ್ಕ ಮುದುಕನ ಹೆಬ್ಬೆರಳು. ದಿನ ಎಣಿಸಿ ನೋಡಿದೆ, ಒಂಬತ್ತಾಗಿತ್ತು.