ಮಡಿಕೇರಿಯಲ್ಲಿ ಕಡಲ ಪಾಠ: ಆರು ವಾರ ಆಯಿತು

ಜುಲೈನಿಂದ ಪ್ರತಿ ಶನಿವಾರ ಮಧ್ಯಾಹ್ನ ಹನ್ನೊಂದು ಜನ ಬಿ.ಎಸ್ಸಿ. ಮಕ್ಕಳಿಗೆ ಸಮುದ್ರ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸಿಲಬಸ್‌ನಲ್ಲಿ ಇಲ್ಲದ್ದು, ಅಂಕವೂ ಇಲ್ಲ. ಐದು ಜನ ಇನ್ನೂ ಸಮುದ್ರವನ್ನೇ ನೋಡಿಲ್ಲ. ಒಬ್ಬಳಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಮೊದಲ ವಾರ

ಗೋಡೆ ಮೇಲೆ ಸಮುದ್ರತಳದ ಬಣ್ಣದ ನಕ್ಷೆ ತೋರಿಸಿದೆ. "ಈ ಕಡುನೀಲಿ ಇದೆಯಲ್ಲ, ಅಲ್ಲಿ ಆಳ ಜಾಸ್ತಿ" ಅಂದೆ. ಕೊನೆಗೆ ಅವಳು ಕೇಳಿದಳು: "ಸರ್, ಆಳ ಅಂದ್ರೆ ಎಷ್ಟು ಆಳ?" ತಪ್ಪು ನನ್ನದೇ. ಒಂದು ಗಂಟೆ ಅವಳನ್ನು ಹೊರಗಿಟ್ಟು ಪಾಠ ಮಾಡಿದ್ದೆ. ಆದರೆ ಉಳಿದವರನ್ನು ಕೇಳಿದರೆ ಅವರಿಗೂ ಆಳದ ಅಂದಾಜು ಸಿಕ್ಕಿರಲಿಲ್ಲ.

ಎರಡನೇ ವಾರ

ಬಾವಿ ಹಗ್ಗ ತಂದೆ. ಒಂದು ಸೆಂಟಿಮೀಟರ್ ಅಂದರೆ ನೂರು ಮೀಟರ್. ಸಮುದ್ರಮಟ್ಟಕ್ಕೆ ದಪ್ಪ ಗಂಟು. ಅದರ ಮೇಲೆ ಸುಮಾರು 12 ಸೆಂ.ಮೀ.ಗೆ ಮಡಿಕೇರಿ, 17.5ಕ್ಕೆ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿ. ಕೆಳಗೆ 37ಕ್ಕೆ ಸಮುದ್ರದ ಸರಾಸರಿ ಆಳ. ಸುಮಾರು 110ಕ್ಕೆ ಸಮುದ್ರದ ಅತಿ ಆಳದ ಜಾಗವಾದ ಮರಿಯಾನಾ ಕಂದಕದ ತಳ.

ಅವಳು ಬೆರಳಿನಿಂದ ಅಳೆಯುತ್ತಾ ಹೋದಳು. "ತಡಿಯಂಡಮೋಳ್ ಹತ್ತಿ ಎರಡು ದಿನ ಕಾಲು ನೋವಿತ್ತು ಸರ್. ಅದು ಇಷ್ಟೇನಾ?" ಅಂದಳು. ಆಮೇಲೆ ಎಲ್ಲರಿಗೂ ಹಗ್ಗ ಬೇಕಾಯಿತು. ತೀರದ ಹತ್ತಿರದ ಆಳವಿಲ್ಲದ ಅಂಚು, ಅಂದರೆ ಸುಮಾರು 200 ಮೀಟರ್ ಆಳದ ತನಕದ ಭಾಗ, ಈ ಹಗ್ಗದಲ್ಲಿ ಬರೀ ಎರಡು ಸೆಂಟಿಮೀಟರ್. ನಾವು ತಿನ್ನುವ ಕಡಲ ಮೀನು ಹೆಚ್ಚಾಗಿ ಬರುವುದು ಅಲ್ಲಿಂದಲೇ.

ಮೂರನೇ ವಾರ

ಹತ್ತು ಲೀಟರ್ ನೀರಿಗೆ 350 ಗ್ರಾಂ ಉಪ್ಪು ಹಾಕಿ ಸಮುದ್ರದ ಉಪ್ಪು ಎಷ್ಟೆಂದು ನಾಲಿಗೆಯಲ್ಲೇ ನೋಡಿದೆವು. ಕೋಳಿಮೊಟ್ಟೆ ಅದರಲ್ಲಿ ತೇಲಲಿಲ್ಲ. ತೇಲಲು ಇನ್ನೂ ಜಾಸ್ತಿ ಉಪ್ಪು ಬೇಕು.

ನಾಲ್ಕನೇ ವಾರ

ಈ ವಾರ ನನಗೆ ತುಂಬಾ ಇಷ್ಟವಾಯಿತು. ಹಾಡಿಯಿಂದ, ಅಂದರೆ ಕಾಡಂಚಿನ ಆದಿವಾಸಿ ಊರಿನಿಂದ ಬರುವ ಒಬ್ಬ ಹುಡುಗ ಇದ್ದಾನೆ. ಇಂಗ್ಲಿಷ್ ಹೆಸರುಗಳು ಶುರುವಾದರೆ ತಲೆ ತಗ್ಗಿಸಿಬಿಡುತ್ತಾನೆ. ಅವತ್ತು ಪುಸ್ತಕ ಮುಚ್ಚಿಟ್ಟು, ಮಳೆಗಾಲದಲ್ಲಿ ಗದ್ದೆ ಏಡಿ ಹಿಡಿದವರು ಯಾರು ಅಂತ ಕೇಳಿದೆ. ಅವನು ಹತ್ತು ನಿಮಿಷ ಮಾತಾಡಿದ. ಬಿಲ ಹೇಗಿರುತ್ತದೆ, ಹೆಣ್ಣು ಯಾವುದು, ಗಂಡು ಯಾವುದು, ಎಲ್ಲ ಹೇಳಿದ. "ತಾಯಿ ಹೊಟ್ಟೆ ಕೆಳಗೆ ಮರಿ ಇಟ್ಕೊಂಡಿರುತ್ತೆ ಸರ್, ಪುಟ್ಟ ಪುಟ್ಟ ಏಡಿಗಳೇ" ಅಂದ.

ನನಗೆ ಬೇಕಿದ್ದದ್ದು ಅದೇ ಮಾತು. ಸಿಹಿನೀರಿನ ಏಡಿಯ ಮೊಟ್ಟೆಯಿಂದ ನೇರವಾಗಿ ಏಡಿಮರಿಯೇ ಹೊರಬರುತ್ತದೆ. ಸಮುದ್ರದ ಏಡಿಯ ಮೊಟ್ಟೆಯಿಂದ ಬರುವುದು ಜೋಯಿಯಾ ಎಂಬ ಸಣ್ಣ ಲಾರ್ವಾ, ಅಂದರೆ ಇನ್ನೂ ರೂಪ ಬದಲಾಗಬೇಕಾದ ಮರಿ. ನೋಡಲು ಏಡಿಯ ಹಾಗೆ ಇರುವುದೇ ಇಲ್ಲ. ಪ್ಲಾಂಕ್ಟನ್ ಜೊತೆ, ಅಂದರೆ ನೀರು ಹರಿದತ್ತ ಸಾಗುವ ಸಣ್ಣ ಜೀವಿಗಳ ಜೊತೆ ತೇಲುತ್ತಾ, ಪೊರೆ ಬಿಡುತ್ತಾ ಬೆಳೆಯುತ್ತದೆ. "ಹಾಗಾದ್ರೆ ಹೊಳೇಲಿ ಅದು ಕೊಚ್ಚಿಕೊಂಡು ಹೋಗ್ತಿತ್ತು ಅಲ್ವಾ?" ಎಂದು ಕೇಳಿದವನೂ ಅವನೇ. ಇಷ್ಟು ಒಳ್ಳೆಯ ಪ್ರಶ್ನೆ ಈ ವರ್ಷ ತರಗತಿಯಲ್ಲಿ ಬಂದಿರಲಿಲ್ಲ.

ಐದನೇ ವಾರ

ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ. ಹಾಗಾಗಿ ಮೀನಿನ ಪಾಠವನ್ನು ಆಗಸ್ಟ್‌ಗೆ ಇಟ್ಟುಕೊಂಡಿದ್ದೆ. ಬಂಗುಡೆ, ಬೂತಾಯಿ ತಂದು ಎಲ್ಲರೂ ಕಣ್ಣು ಮುಚ್ಚಿ ಗುರುತಿಸಬೇಕು ಅಂದೆ. ಬಂಗುಡೆಯ ಬಾಲದ ಹತ್ತಿರ ಮೇಲೆ ಐದು, ಕೆಳಗೆ ಐದು ಕಿರುರೆಕ್ಕೆಗಳಿವೆ. ಬೂತಾಯಿಯ ಹೊಟ್ಟೆಯನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಗರಗಸದ ಹಾಗೆ ತಾಗುತ್ತದೆ. ಮೊದಲು ಸರಿಯಾಗಿ ಹೇಳಿದವಳು ಅವಳೇ. ಉಳಿದವರಿಗೆ ಬೆರಳು ಎಲ್ಲಿಡಬೇಕು ಅಂತಲೂ ಅವಳೇ ತೋರಿಸಿಕೊಟ್ಟಳು.

ಆರನೇ ವಾರ

ಉಳ್ಳಾಲದ ಹತ್ತಿರದ ಸೋಮೇಶ್ವರಕ್ಕೆ ಹೋಗುವ ಯೋಜನೆ ಹಾಕಿದೆವು. ಅಲ್ಲಿನ ಬಂಡೆಗಳ ಮೇಲಿನ ಜೀವಿಗಳನ್ನು ನೋಡಬೇಕಾದರೆ ಇಳಿತ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈಗ ಬಂಡೆ ಜಾರುತ್ತದೆ, ಅಲೆಯೂ ಜೋರು. ಡಿಸೆಂಬರ್ ತನಕ ಕಾಯುತ್ತೇವೆ. ಅವಳ ಜೊತೆ ಯಾರು ಇರುತ್ತಾರೆ ಅಂತ ನಾನು ನಿರ್ಧರಿಸಲು ಹೊರಟಿದ್ದೆ. "ನಾನೇ ಆರಿಸ್ತೀನಿ ಸರ್" ಅಂದಳು. ಏಡಿಯ ಹುಡುಗನನ್ನು ಆರಿಸಿಕೊಂಡಳು.

ಎಂ.ಎಸ್ಸಿ.ಗೆ ಕಾರವಾರದ ಸಮುದ್ರ ಜೀವಶಾಸ್ತ್ರ ವಿಭಾಗಕ್ಕೆ ಹೋಗಬಹುದಾ ಅಂತಲೂ ಕೇಳಿದ್ದಾಳೆ. ಪ್ರಯೋಗಾಲಯದಲ್ಲಿ ಅವಳಿಗೆ ಏನೇನು ಅನುಕೂಲ ಬೇಕು ಅಂತ ಇಬ್ಬರೂ ಕೂತು ಪಟ್ಟಿ ಮಾಡುತ್ತಿದ್ದೇವೆ. ಮುಂದಿನ ಶನಿವಾರದೊಳಗೆ ಅದು ಮುಗಿಯಬೇಕು.