ಪಗಾರ ಅಲ್ಲ ಕಾಕಾ, ಫೆಲೋಶಿಪ್ಪು

ಹೋದ ವಾರ ಗದಗದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಕಾಕಾ ಮಾದಲಿಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದರು. "ಏನವಾ, ಇನ್ನೂ ಸಾಲೀನ ಕಲಿಯಾಕತ್ತಿಯೇನ? ಪಗಾರ ಎಷ್ಟ ಕೊಡ್ತಾರ?"

"ಪಗಾರ ಅಲ್ಲ ಕಾಕಾ, ಫೆಲೋಶಿಪ್ಪು. ತಿಂಗಳಿಗೆ 37,000."

"ಮತ್ತ ದವಾಖಾನ್ಯಾಗ ಏನ ಮಾಡ್ತಿ? ನೀ ಡಾಕ್ಟರೂ ಅಲ್ಲ, ನರ್ಸೂ ಅಲ್ಲ."

ಉತ್ತರ ಹೇಳುವಷ್ಟರಲ್ಲಿ ಅನ್ನ ಸಾರು ಬಂತು. ಕಾಕಾ ಆ ಕಡೆ ತಿರುಗಿದರು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಅಪ್ಪನದು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ವಾರ್ನಿಶ್ ವಾಸನೆಯಲ್ಲೇ ಬೆಳೆದವಳು. ಈಗ ಪಿಎಚ್‌ಡಿ ಮಾಡುತ್ತಿರುವುದು ಪಲ್ಸ್ ಆಕ್ಸಿಮೀಟರ್ ಮೇಲೆ. ಕೊರೊನಾ ಕಾಲದಲ್ಲಿ ಮನೆಮನೆಗೂ ಬಂತಲ್ಲ, ಬೆರಳಿಗೆ ಹಾಕುವ ಕ್ಲಿಪ್ಪು, ಅದೇ. ಅದರೊಳಗೆ ಒಂದು ಕೆಂಪು ಬೆಳಕು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ಹೊತ್ತ ರಕ್ತ ಇನ್‌ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತದೆ, ಆಕ್ಸಿಜನ್ ಇಲ್ಲದ ರಕ್ತ ಕೆಂಪನ್ನು. ಎರಡನ್ನೂ ಹೋಲಿಸಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಲೆಕ್ಕ ಹಾಕುವುದು.

ಈ ಉಪಾಯ 1970ರ ದಶಕದ ಶುರುವಿನಲ್ಲಿ ಹೊಳೆದದ್ದು ಜಪಾನಿನ ತಕುವೊ ಅವೊಯಾಗಿ ಅವರಿಗೆ. ಡಾಕ್ಟರ್ ಅಲ್ಲ, ಎಂಜಿನಿಯರ್. ಅವರು ಅಳೆಯಲು ಹೊರಟಿದ್ದು ಬೇರೇನನ್ನೋ. ರಕ್ತಕ್ಕೆ ಬಣ್ಣ ಬಿಟ್ಟು, ಕಿವಿಯಲ್ಲಿ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ದೂಡುತ್ತದೆ ಅಂತ ನೋಡುತ್ತಿದ್ದರು. ನಾಡಿಯ ಬಡಿತ ನಡುವೆ ಬಂದು ಗೆರೆ ಕೆಡಿಸುತ್ತಿತ್ತು. ಅದನ್ನು ತೆಗೆದುಹಾಕಲು ಹೋದವರಿಗೆ ಆ ಬಡಿತದಲ್ಲೇ ಆಕ್ಸಿಜನ್ ಲೆಕ್ಕ ಸಿಗುತ್ತದೆ ಅಂತ ಗೊತ್ತಾಯಿತು. ಕೆಲಸ ಕೆಡಿಸುತ್ತಿದ್ದದ್ದೇ ಕೆಲಸಕ್ಕೆ ಬಂತು.

ನನ್ನದು ಇಷ್ಟು ದೊಡ್ಡ ಕಥೆ ಅಲ್ಲ. ನವಜಾತ ಶಿಶುಗಳ ಪಾದದಿಂದ ಬರುವ ಸಿಗ್ನಲ್ ಯಾಕೆ ಹದಗೆಡುತ್ತದೆ ಅಂತ ನೋಡಬೇಕಿತ್ತು. ಧಾರವಾಡದ ಲ್ಯಾಬಿನಲ್ಲಿ ಎರಡು ತಿಂಗಳು ನನ್ನದೇ ಬೆರಳು ಅಲ್ಲಾಡಿಸಿ ಡೇಟಾ ತೆಗೆದೆ, ಕೋಡ್ ಬರೆದೆ. ಆಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹೋದೆ. ಕಾಮಾಲೆಯಾದ ಕೂಸೊಂದನ್ನು ನೀಲಿ ದೀಪದ ಕೆಳಗೆ ಮಲಗಿಸಿದ್ದರು. ಮಾನಿಟರ್ ಮೇಲಿನ ಅಂಕಿ ಕುಣಿಯುತ್ತಿತ್ತು. ನಾನು ಲ್ಯಾಪ್‌ಟಾಪ್ ತೆರೆಯುವುದರೊಳಗೆ ಸಿಸ್ಟರ್ ಬಂದು ಒಂದು ದಪ್ಪ ಕಪ್ಪು ಬಟ್ಟೆಯ ತುಂಡನ್ನು ಪಾದದ ಮೇಲೆ ಸುತ್ತಿದರು. ಅಂಕಿ ನಿಂತಿತು.

"ದೀಪದ ಬೆಳಕ ಒಳಗ ಹೋಗ್ತದ್ರಿ ಮೇಡಂ" ಅಂದು ಮುಂದಿನ ಕೂಸಿನ ಕಡೆ ಹೋದರು.

ಹೊರಗಿನ ಬೆಳಕು ಬಿದ್ದರೆ ಸೆನ್ಸರ್ ತಪ್ಪುತ್ತದೆ ಅಂತ ನಾನೂ ಓದಿದ್ದೆ. ಓದಿದ್ದೆ, ಅಷ್ಟೇ. ಆಮೇಲೆ ಸುಮ್ನೆ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ. ಒಂದೇ ಜಾಗದಲ್ಲಿ ಬಿಟ್ಟರೆ ಚರ್ಮಕ್ಕೆ ಪೆಟ್ಟು ಅಂತ ಕೆಲವು ಗಂಟೆಗೊಮ್ಮೆ ಪ್ರೋಬ್, ಅಂದರೆ ಪಾದಕ್ಕೆ ಅಂಟಿಸುವ ಸೆನ್ಸರ್, ಅದರ ಜಾಗ ಬದಲಿಸುತ್ತಾರೆ. ದಿನ ತುಂಬದೆ ಹುಟ್ಟಿದ ಕೂಸಿನ ಚರ್ಮ ಅಂಟುಪಟ್ಟಿ ಕಿತ್ತರೆ ಅದರ ಜೊತೆಗೇ ಬರುತ್ತದೆ. ನನ್ನ ವಿಷಯವೇ ಬದಲಾಯಿತು. ಈಗ ಮಾಡುತ್ತಿರುವುದು ಅಂಟಿಲ್ಲದ, ಬೆಳಕು ಬಿಡದ ಒಂದು ಪಟ್ಟಿ.

ಕಾಕಾ, ಫೆಲೋಶಿಪ್ಪಿನ ದುಡ್ಡು ಇದಕ್ಕೆ. ಸ್ಟೂಲ್ ಮೇಲೆ ಕೂರುವುದಕ್ಕೆ.

ಆದರೆ ಆ ದುಡ್ಡಿನ ನಿಯಮ ಬರೆದವರ ತಲೆಯಲ್ಲಿ ಸ್ಟೂಲ್ ಇರುವುದಿಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೊಡುವ ಜೆಆರ್‌ಎಫ್ ಫೆಲೋಶಿಪ್ಪಿನ ಪರೀಕ್ಷೆ ಹೆಚ್ಚಾಗಿ ಜೀವವಿಜ್ಞಾನದ ಎಂ.ಎಸ್‌ಸಿ ಮಾಡಿದವರಿಗೆ. ಎಂಜಿನಿಯರಿಂಗ್ ಓದಿದವರು ಬರೆಯುವ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಪೇಪರ್ ಬಂದದ್ದೇ 2020ರಲ್ಲಿ. ಅದನ್ನು ಬರೆದೇ ನಾನು ಒಳಗೆ ಬಂದೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್‌ನಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 70,000, ಮೇಲೆ ವರ್ಷಕ್ಕೆ 2 ಲಕ್ಷ ಸಂಶೋಧನೆಗೆ. ಹಾಕಿದ್ದೆ, ಸಿಗಲಿಲ್ಲ. ನನ್ನಂಥವರಿಗೆ ಮೊದಲ ಎರಡು ವರ್ಷ 37,000, ರಿವ್ಯೂ ಆದ ಮೇಲೆ 42,000. ಇದರಲ್ಲಿ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆಗೆ ನನಗೆ ಏಳು ತಿಂಗಳು ಹೋಯಿತು. ಫೆಲೋಶಿಪ್ಪಿನ ಗಡಿಯಾರ ಮಾತ್ರ ನಿಲ್ಲಲಿಲ್ಲ. ಒಮ್ಮೆ ಯಾವುದೋ ಕಚೇರಿಯಲ್ಲಿ ಕಡತ ಸಿಕ್ಕಿಬಿದ್ದು ನಾಲ್ಕು ತಿಂಗಳ ದುಡ್ಡು ಬರಲೇ ಇಲ್ಲ. ಅವ್ವ ತನ್ನ ಭಿಶಿ, ಅಂದರೆ ಚೀಟಿ ದುಡ್ಡು, ಎತ್ತಿ ಕೊಟ್ಟಳು.

ರಿವ್ಯೂ ಇನ್ನೊಂದು ತಮಾಷೆ. ಎಂಜಿನಿಯರಿಂಗ್ ಕಡೆಯವರು "ಸರ್ಕ್ಯೂಟ್ ಎಲ್ಲಿ?" ಅನ್ನುತ್ತಾರೆ. ಡಾಕ್ಟರುಗಳು "ಎಷ್ಟು ಪೇಶಂಟ್?" ಅನ್ನುತ್ತಾರೆ. ಬಟ್ಟೆ ಪಟ್ಟಿ ತೋರಿಸಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಇದನ್ನೆಲ್ಲ ಮೊದಲೇ ಯೋಚಿಸಿದವರೂ ಇದ್ದಾರೆ. ಹಾರ್ವರ್ಡ್ ಮತ್ತು ಎಂಐಟಿ ಸೇರಿ 1970ರಲ್ಲಿ ಕಟ್ಟಿದ ವಿಭಾಗದಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿಯವರು ವೈದ್ಯ ವಿದ್ಯಾರ್ಥಿಗಳ ಜೊತೆ ಪೆಥಾಲಜಿ ಓದುತ್ತಾರೆ, ವಾರ್ಡಿನಲ್ಲೂ ಕಲಿಯುತ್ತಾರೆ. ಖರಗ್‌ಪುರದ ಐಐಟಿ ಉಲ್ಟಾ ಮಾಡಿತು, ಎಂಬಿಬಿಎಸ್ ಆದವರನ್ನೇ ಕರೆದು ತಂತ್ರಜ್ಞಾನ ಕಲಿಸಿತು. ತಿರುವನಂತಪುರದ ಶ್ರೀ ಚಿತ್ರಾದಲ್ಲಿ ಆಸ್ಪತ್ರೆ, ಉಪಕರಣ ಮಾಡುವ ವಿಭಾಗ ಎರಡೂ ಒಂದೇ ಸಂಸ್ಥೆಯವು. ಅವರ ಹೃದಯದ ಕವಾಟದ ಮೂರು ಮಾದರಿ ಕೈಕೊಟ್ಟವು. ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಹಾಕಿದರು. ಮೂರು ಸಲ ಸೋಲುವವರೆಗೆ ಯಾರೋ ತಿಂಗಳು ತಿಂಗಳು ದುಡ್ಡು ಕೊಟ್ಟಿದ್ದಾರೆ, ಅಲ್ವಾ?

ಯಾರಾದರೂ ಇಂಥ ಪಿಎಚ್‌ಡಿಗೆ ಸೇರುವುದಿದ್ದರೆ ನಾನು ಹೇಳುವುದು ಇಷ್ಟೇ. ಮೊತ್ತ ಆಮೇಲೆ ನೋಡಿ. ಡಾಕ್ಟರ್ ಗೈಡ್ ಕಾಗದದ ಮೇಲಷ್ಟೇ ಇದ್ದಾರೋ, ವಾರ್ಡಿನೊಳಗೆ ಬಿಡುತ್ತಾರೋ ಅಂತ ಮೊದಲು ಕೇಳಿ.

ನಿನ್ನೆ ಸಂಜೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತಿದ್ದೆ. ಉಣಕಲ್ ದಾಟುವಾಗ ಸಿಸ್ಟರ್ ಫೋನು. "ಮೇಡಂ, ನಿಮ್ಮ ಪಟ್ಟಿ ಚಲೋ ಕುಂತಿತ್ರಿ. ಕೂಸು ಉಚ್ಚಿ ಹೊಯ್ಕೊಂತು, ಪೂರಾ ತೊಯ್ದೈತಿ. ಬ್ಯಾರೆ ಇದ್ರ ತರ್ರಿ."

ಬೇರೆ ಇಲ್ಲ. ನೀರು ಹಿಡಿಯದ ಬಟ್ಟೆ ಹುಡುಕಲು ನಾಳೆ ಹುಬ್ಬಳ್ಳಿಯ ದುರ್ಗದ ಬೈಲು ಪೇಟೆಗೆ ಹೋಗಬೇಕು.